ತೀರಿಹೋದ ಅಧ್ಯಕ್ಷರು, ತೀರದ ಜಗಳ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ವರ್ಜೀನಿಯಾದ ರಿಚ್ಮಂಡ್ ನಗರದ ಹತ್ತಿರ. ಅಂತರ್ಯುದ್ಧದ ಕಾಲದಲ್ಲಿ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೆ ಇದೇ ರಾಜಧಾನಿ. ಊರಿಂದ ಬಂದ ನೆಂಟರನ್ನು ತಿರುಗಾಡಿಸುವಾಗ, ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ, ಮಗಳ ಶಾಲೆಯ ಪಾಠ ನೋಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಟಿವಿಯ ಚರ್ಚೆ ನೋಡಿ ತಲೆ ಕೆಟ್ಟವರಿಗೆ ಇದು ನೆರವಾದರೆ ಸಾಕು.

ಯುದ್ಧ ಮುಗಿದು 160 ವರ್ಷ ಆಯಿತಲ್ಲ, ಇನ್ನೂ ಏಕೆ ಜಗಳ?

ಆಗ ಇದ್ದ ಎರಡು ಪಕ್ಷಗಳೇ ಅದೇ ಹೆಸರಿನಲ್ಲಿ ಈಗಲೂ ಇವೆ, ಅದಕ್ಕೆ. ಅಬ್ರಹಾಂ ಲಿಂಕನ್ ರಿಪಬ್ಲಿಕನ್ ಪಕ್ಷದ ಮೊದಲ ಅಧ್ಯಕ್ಷರು. ದಕ್ಷಿಣದ ಬಂಡಾಯದ ನಾಯಕರಲ್ಲಿ ಹೆಚ್ಚಿನವರು ಡೆಮಾಕ್ರಟರು. ಹಾಗಾಗಿ ಒಬ್ಬರು "ಗುಲಾಮರನ್ನು ಬಿಡಿಸಿದ ಪಕ್ಷ ನಮ್ಮದು" ಎನ್ನುತ್ತಾರೆ. ಇನ್ನೊಬ್ಬರು "ಆ ಪಕ್ಷ ಈಗ ನಿಮ್ಮಲ್ಲಿ ಉಳಿದಿಲ್ಲ" ಎನ್ನುತ್ತಾರೆ. ನೋಡಿದರೆ ಇತಿಹಾಸದ ಚರ್ಚೆ, ಒಳಗೆ ನಡೆಯುವುದು ಮನೆತನದ ಆಸ್ತಿಯ ವ್ಯಾಜ್ಯ: ಲಿಂಕನ್ ಯಾರ ಪಾಲು, ಗುಲಾಮಗಿರಿಯ ಪಾಪ ಯಾರ ಪಾಲು?

ಪಕ್ಷದ ಔತಣಕೂಟಗಳಲ್ಲೂ ಇದು ಕಾಣುತ್ತದೆ. ರಿಪಬ್ಲಿಕನ್ನರು ಊರೂರಲ್ಲಿ ವರ್ಷಕ್ಕೊಮ್ಮೆ ಚಂದಾ ಎತ್ತುವ ಔತಣಕ್ಕೆ ಲಿಂಕನ್ ಹೆಸರಿಡುತ್ತಾರೆ. ಡೆಮಾಕ್ರಟರು ಬಹುಕಾಲ ತಮ್ಮ ಔತಣಕ್ಕೆ ಹಳೆಯ ಅಧ್ಯಕ್ಷರಾದ ಜೆಫರ್ಸನ್ ಮತ್ತು ಜ್ಯಾಕ್ಸನ್ ಹೆಸರಿಟ್ಟಿದ್ದರು. ಇಬ್ಬರೂ ಗುಲಾಮರ ಒಡೆಯರು. 2015ರಿಂದ ಒಂದೊಂದೇ ರಾಜ್ಯದ ಘಟಕ ಆ ಹೆಸರನ್ನು ಕೈಬಿಡುತ್ತಾ ಬಂತು.

ಸಾವಿನ ಲೆಕ್ಕವೂ ಸಣ್ಣದಲ್ಲ. ಬಹುಕಾಲ 6,20,000 ಯೋಧರು ಸತ್ತರೆಂದು ಪುಸ್ತಕಗಳಲ್ಲಿತ್ತು. 2011ರಲ್ಲಿ ಜನಗಣತಿಯ ಆಧಾರದ ಮೇಲೆ ಮಾಡಿದ ಅಂದಾಜು ಅದನ್ನು ಏಳೂವರೆ ಲಕ್ಷಕ್ಕೆ ಏರಿಸಿತು. ಆಗ ದೇಶದ ಜನಸಂಖ್ಯೆ ಮೂರು ಕೋಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ಮನೆಯಿಂದ ಯಾವ ದಿಕ್ಕಿಗೆ ಕಾರು ಹೊಡೆದರೂ ಒಂದು ರಣಭೂಮಿ ಸಿಗುತ್ತದೆ.

ಚಿಕ್ಕದಾಗಿ ಕಥೆ ಹೇಳಿ.

1860ರ ನವೆಂಬರ್‌ನಲ್ಲಿ ನಾಲ್ವರು ಅಭ್ಯರ್ಥಿಗಳ ನಡುವೆ ಲಿಂಕನ್ ಶೇ. 40ರಷ್ಟು ಜನಮತ ಪಡೆದು ಗೆದ್ದರು. ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ಒಕ್ಕೂಟ ಬಿಟ್ಟಿತು. ಲಿಂಕನ್ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಏಳು ರಾಜ್ಯಗಳು ಹೋಗಿದ್ದವು, ಕೊನೆಗೆ ಹನ್ನೊಂದಾದವು. 1861ರ ಏಪ್ರಿಲ್ 12ರಂದು ಒಕ್ಕೂಟದ ಸೇನೆಯಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಜನರಲ್ ಲೀ ಶರಣಾದರು, ಐದೇ ದಿನಕ್ಕೆ ಲಿಂಕನ್ ಮೇಲೆ ಗುಂಡು ಬಿತ್ತು. ಅದೇ ವರ್ಷದ ಕೊನೆಗೆ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಆಗ ಬಿಡುಗಡೆಯಾದವರು ಸುಮಾರು 40 ಲಕ್ಷ ಜನ.

ಯುದ್ಧ ನಡೆದದ್ದು ಗುಲಾಮಗಿರಿಗಾಗಿಯೋ, ರಾಜ್ಯಗಳ ಹಕ್ಕಿಗಾಗಿಯೋ?

ಗುಲಾಮಗಿರಿಗಾಗಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ಬಿಟ್ಟುಹೋದವರೇ ಹಾಗೆಂದು ಬರೆದಿಟ್ಟಿದ್ದಾರೆ.

ಸೌತ್ ಕ್ಯಾರೊಲಿನಾ, ಮಿಸಿಸಿಪ್ಪಿ, ಜಾರ್ಜಿಯಾ, ಟೆಕ್ಸಾಸ್, ಈ ನಾಲ್ಕು ರಾಜ್ಯಗಳು ತಾವೇಕೆ ಹೊರಟೆವೆಂದು ಕಾರಣಪತ್ರಗಳನ್ನು ಹೊರಡಿಸಿದವು. ಮಿಸಿಸಿಪ್ಪಿಯ ಪತ್ರ ತನ್ನ ನಿಲುವು ಗುಲಾಮಗಿರಿಯೊಡನೆ ಪೂರ್ತಿ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಹೇಳುತ್ತದೆ. 1861ರ ಮಾರ್ಚ್‌ನಲ್ಲಿ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾ ನಗರದಲ್ಲಿ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದರು.

ರಾಜ್ಯಗಳ ಹಕ್ಕಿನ ಮಾತಿಗೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದ ಹಲವು ರಾಜ್ಯಗಳು ಒಪ್ಪಲಿಲ್ಲ, ಅದಕ್ಕಾಗಿ ತಮ್ಮದೇ ಕಾನೂನು ಮಾಡಿಕೊಂಡವು. ಅದು ಆ ರಾಜ್ಯಗಳ ಹಕ್ಕಲ್ಲವೇ? ಸೌತ್ ಕ್ಯಾರೊಲಿನಾದ ಪತ್ರದ ದೊಡ್ಡ ದೂರೇ ಅದು: ಆ ರಾಜ್ಯಗಳ ಹೆಸರು ಎಣಿಸಿ, ಕೇಂದ್ರದ ಕಾನೂನನ್ನು ಇವರು ಪಾಲಿಸುತ್ತಿಲ್ಲ ಎನ್ನುತ್ತದೆ. ಮುಂದೆ ದಕ್ಷಿಣದವರು ಬರೆದುಕೊಂಡ ಸಂವಿಧಾನ, ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನೇ ಮಾಡಕೂಡದೆಂದು ತಮ್ಮ ಸಂಸತ್ತಿನ ಕೈ ಕಟ್ಟಿಹಾಕಿತು.

ಹಾಗಿದ್ದರೆ "ರಾಜ್ಯಗಳ ಹಕ್ಕು" ಎಂಬ ಮಾತಿಗೆ ಇಷ್ಟು ಬಲ ಎಲ್ಲಿಂದ? ಸೋತ ಮೇಲೆ ಬಂದದ್ದು. ಯುದ್ಧಾನಂತರ ದಕ್ಷಿಣದ ಸೇನಾನಿಗಳು, 1894ರಲ್ಲಿ ಹುಟ್ಟಿದ ಅವರ ಹೆಣ್ಣುಮಕ್ಕಳ ಸಂಘಟನೆ, ಶಾಲಾ ಪುಸ್ತಕಗಳ ಸಮಿತಿಗಳು ಸೇರಿ ಬೇರೊಂದು ಕಥೆ ಕಟ್ಟಿದವು. ಅದರಲ್ಲಿ ಗುಲಾಮರು ಸುಖವಾಗಿದ್ದರು, ಸೈನಿಕರು ಬರೀ ತಾಯ್ನಾಡಿಗಾಗಿ ಹೋರಾಡಿದರು. ಎರಡು ಮೂರು ತಲೆಮಾರಿನ ಮಕ್ಕಳು ಅದನ್ನೇ ಓದಿದರು. ನನ್ನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಮನಸಾರೆ ಅದನ್ನು ನಂಬಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಕಲಿಸಿದ್ದನ್ನು ಕಲಿತಿದ್ದರು.

ಈ ಪ್ರಶ್ನೆ ಇಂದಿಗೂ ಎಷ್ಟು ಸುಡುತ್ತದೆ ಎನ್ನುವುದಕ್ಕೆ ನಿಕ್ಕಿ ಹೇಲಿ ಸಾಕ್ಷಿ. ಭಾರತೀಯ ಮೂಲದ ಈ ನಾಯಕಿ 2015ರಲ್ಲಿ ಸೌತ್ ಕ್ಯಾರೊಲಿನಾದ ಗವರ್ನರ್ ಆಗಿದ್ದಾಗ, ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರ ಕೊಲೆಯಾದ ಮೇಲೆ, ಶಾಸನಸಭೆಯ ಆವರಣದಿಂದ ದಕ್ಷಿಣದ ಯುದ್ಧಧ್ವಜ ಇಳಿಸುವ ಕಾನೂನಿಗೆ ಸಹಿ ಹಾಕಿದರು. ಅದೇ ಹೇಲಿ 2023ರ ಡಿಸೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮತ ಕೇಳುವಾಗ, ಯುದ್ಧಕ್ಕೆ ಕಾರಣವೇನೆಂದು ಒಬ್ಬರು ಕೇಳಿದರೆ ಗುಲಾಮಗಿರಿ ಎಂಬ ಪದವನ್ನೇ ಎತ್ತಲಿಲ್ಲ. ಮಾರನೆಯ ದಿನ ತಿದ್ದಿಕೊಂಡರು.

ಸುಂಕದ ಜಗಳವೇ ಮೂಲ ಎನ್ನುತ್ತಾರಲ್ಲ?

1857ರ ಆಮದು ಸುಂಕ ಕಡಿಮೆಯೇ ಇತ್ತು. ಅದನ್ನು ಏರಿಸಿದ ಮಾರಿಲ್ ಕಾಯ್ದೆಗೆ 1861ರ ಮಾರ್ಚ್‌ನಲ್ಲಿ ಸಹಿ ಬಿದ್ದಾಗ ಏಳು ರಾಜ್ಯಗಳು ಆಗಲೇ ಹೊರಗಿದ್ದವು. ಅವುಗಳ ಸೆನೆಟರ್‌ಗಳು ಎದ್ದುಹೋಗಿದ್ದರಿಂದಲೇ ಅದು ಸುಲಭವಾಗಿ ಗೆದ್ದಿತು.

ಮಾತುಕತೆಯಿಂದ ಯುದ್ಧ ತಪ್ಪಿಸಬಹುದಿತ್ತೇ?

2024ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅಯೋವಾದಲ್ಲಿ ಹಾಗೆ ಹೇಳಿದ ಮೇಲೆ ಈ ಪ್ರಶ್ನೆ ನನಗೆ ತುಂಬ ಬರುತ್ತದೆ. ಮಾತುಕತೆ ನಡೆದಿರಲಿಲ್ಲವೆಂದಲ್ಲ. 1860ರ ಡಿಸೆಂಬರ್‌ನಲ್ಲಿ ಸೆನೆಟರ್ ಕ್ರಿಟೆಂಡನ್ ಸಂಧಾನ ಸೂತ್ರ ತಂದರು. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಎಂದೆಂದಿಗೂ ಮುಟ್ಟುವುದಿಲ್ಲ ಎಂಬ ತಿದ್ದುಪಡಿಯನ್ನು 1861ರ ಆರಂಭದಲ್ಲಿ ಸಂಸತ್ತಿನ ಎರಡೂ ಸದನಗಳು ಒಪ್ಪಿದವು. ಲಿಂಕನ್ ತಮ್ಮ ಮೊದಲ ಭಾಷಣದಲ್ಲೇ ಅದಕ್ಕೆ ಅಡ್ಡಿಯಿಲ್ಲ ಎಂದರು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದು ಎಂಬ ಒಂದೇ ಮಾತಿಗೆ ಅವರು ಅಂಟಿಕೊಂಡರು. ದಕ್ಷಿಣಕ್ಕೆ ಅಷ್ಟೂ ಸಾಲದಾಯಿತು.

ಈ ಪ್ರಶ್ನೆ ಕೇಳುವವರಿಗೆ ನಾನು ನೆನಪಿಸುವುದು ಇದನ್ನು: ಆ ಸಂಧಾನದ ಮೇಜಿನ ಮೇಲೆ ಅಡವಿಟ್ಟದ್ದು 40 ಲಕ್ಷ ಜನರ ಬದುಕು, ಅವರಲ್ಲಿ ಒಬ್ಬರಿಗೂ ಅಲ್ಲಿ ಕುರ್ಚಿ ಇರಲಿಲ್ಲ.

ಲಿಂಕನ್‌ಗೆ ನಿಜವಾಗಿ ಗುಲಾಮರ ಮೇಲೆ ಕಾಳಜಿ ಇತ್ತೇ?

ಎರಡೂ ಕಡೆಯವರು ತಮಗೆ ಬೇಕಾದ ಸಾಲನ್ನು ಕತ್ತರಿಸಿ ತರುತ್ತಾರೆ. ಒಬ್ಬರು 1858ರ ಸೆಪ್ಟೆಂಬರ್‌ನ ಚುನಾವಣಾ ಚರ್ಚೆಯ ಸಾಲು ತರುತ್ತಾರೆ. ಅಲ್ಲಿ ಲಿಂಕನ್, ಕಪ್ಪು ಮತ್ತು ಬಿಳಿಯರ ಸಾಮಾಜಿಕ, ರಾಜಕೀಯ ಸಮಾನತೆಯ ಪರ ತಾನಿಲ್ಲ ಎಂದದ್ದು ನಿಜ. ಇನ್ನೊಬ್ಬರು 1862ರ ಆಗಸ್ಟ್ 22ರಂದು ಪತ್ರಕರ್ತ ಹೊರೇಸ್ ಗ್ರೀಲಿಗೆ ಬರೆದ ಪತ್ರ ತೋರಿಸುತ್ತಾರೆ: ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ. ಅದೂ ನಿಜ. ಮೂರನೆಯವರು 1864ರ ಪತ್ರ ತೆಗೆಯುತ್ತಾರೆ: ಗುಲಾಮಗಿರಿ ತಪ್ಪಲ್ಲವೆಂದರೆ ಜಗತ್ತಿನಲ್ಲಿ ಯಾವುದೂ ತಪ್ಪಲ್ಲ. ಅದೂ ಅವರದೇ ಮಾತು.

ತಾರೀಖು ಬಿಟ್ಟರೆ ಲಿಂಕನ್ ಅರ್ಥವಾಗುವುದಿಲ್ಲ. ಗ್ರೀಲಿಗೆ ಆ ಪತ್ರ ಬರೆಯುವಾಗ ವಿಮೋಚನಾ ಘೋಷಣೆಯ ಕರಡು ಆಗಲೇ ಸಿದ್ಧವಾಗಿತ್ತು. ಒಂದು ತಿಂಗಳ ಹಿಂದೆಯೇ ಮಂತ್ರಿಗಳಿಗೆ ಅದನ್ನು ಓದಿ ಹೇಳಿದ್ದರು. ಅವರು ಜನರ ಮನಸ್ಸನ್ನು ಹದ ಮಾಡುತ್ತಿದ್ದರೆಂದು ನಾನು ಓದಿಕೊಳ್ಳುತ್ತೇನೆ. 1863ರ ಜನವರಿ 1ರ ಘೋಷಣೆ ಬಂಡಾಯದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಒಕ್ಕೂಟದಲ್ಲೇ ಉಳಿದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೂರಿಗಳ ಗುಲಾಮರಿಗೆ ಅಂದು ಬಿಡುಗಡೆ ಸಿಗಲಿಲ್ಲ. ಆದರೆ ಅಲ್ಲಿಂದ ಮುಂದೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸೇನೆ ಸೇರಿದರು. ಲಿಂಕನ್‌ರನ್ನು ಮುಂದಕ್ಕೆ ನೂಕಿದವರಲ್ಲಿ ಅವರೂ ಇದ್ದಾರೆ. ಪಕ್ಷದ ಭಾಷಣಗಳಲ್ಲಿ ಅವರ ಹೆಸರು ಬರುವುದೇ ಇಲ್ಲ, ಇದು ನನಗೆ ತುಂಬ ನೋಯುವ ವಿಷಯ.

1865ರ ಏಪ್ರಿಲ್ 11ರ ಕೊನೆಯ ಭಾಷಣದಲ್ಲಿ ಲಿಂಕನ್, ಕಪ್ಪು ಯೋಧರಿಗಾದರೂ ಮತದ ಹಕ್ಕು ಸಿಗಲಿ ಎಂದರು. ಆ ಗುಂಪಿನಲ್ಲಿ ನಿಂತು ಕೇಳಿದ ಜಾನ್ ವಿಲ್ಕ್ಸ್ ಬೂತ್ ಮೂರು ದಿನದ ಮೇಲೆ ಅವರನ್ನು ಕೊಂದ.

ನನಗೆ ಸರಿಯೆನಿಸುವ ತೂಕ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಸ್ 1876ರಲ್ಲಿ ಹಾಕಿದ ತೂಕ. ನಮ್ಮ ಕಣ್ಣಿನಿಂದ ನೋಡಿದರೆ ಲಿಂಕನ್ ನಿಧಾನಿ, ತಣ್ಣಗಿನ ಮನುಷ್ಯ. ಅವರು ಆಳಬೇಕಾಗಿದ್ದ ದೇಶದ ಮನಸ್ಸಿನಿಂದ ಅಳೆದರೆ ವೇಗಿ, ದಿಟ್ಟ ಎಂಬ ಅರ್ಥದ ಮಾತು ಅದು. ಹೊಗಳಿಕೆ ತೆಗಳಿಕೆ ಎರಡನ್ನೂ ಒಂದೇ ಉಸಿರಲ್ಲಿ ಹೇಳುವ ಅರ್ಹತೆ ಡಗ್ಲಸ್‌ಗೆ ಇತ್ತು.

ಲಿಂಕನ್ ಸರ್ವಾಧಿಕಾರಿ ಎಂಬ ಆರೋಪ?

ಈ ಆರೋಪದಲ್ಲಿ ಹುರುಳಿಲ್ಲದಿಲ್ಲ. ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನು 1861ರ ಏಪ್ರಿಲ್‌ನಲ್ಲಿ ಸಂಸತ್ತನ್ನು ಕೇಳದೆ ಅಮಾನತು ಮಾಡಿದರು. ಸಂಸತ್ತು ಒಪ್ಪಿಗೆ ಕೊಟ್ಟದ್ದು 1863ರಲ್ಲಿ. ಆದರೆ 1864ರಲ್ಲಿ ಯುದ್ಧದ ನಡುವೆಯೇ ಚುನಾವಣೆಗೂ ನಿಂತರು, ಸೋಲುತ್ತೇನೆಂದು ತಾವೇ ಅಂದುಕೊಂಡಿದ್ದರೂ ಅದನ್ನು ಮುಂದೂಡಲಿಲ್ಲ.

"ಡೆಮಾಕ್ರಟರೇ ಗುಲಾಮಗಿರಿಯ ಪಕ್ಷ" – ನಿಜವೇ?

19ನೇ ಶತಮಾನದ ಮಟ್ಟಿಗೆ ನಿಜಕ್ಕೆ ಹತ್ತಿರ. ರಿಪಬ್ಲಿಕನ್ ಪಕ್ಷ 1854ರಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ತಡೆಯಲೆಂದೇ ಹುಟ್ಟಿತು. ಯುದ್ಧದ ನಂತರ ದಕ್ಷಿಣದಲ್ಲಿ ಕಪ್ಪು ಜನರ ಮತ ಕಿತ್ತುಕೊಂಡು, ಬಸ್ಸು, ಶಾಲೆ, ನೀರಿನ ನಲ್ಲಿಯನ್ನೂ ಬೇರೆ ಮಾಡಿದವರು ಡೆಮಾಕ್ರಟರು. ಇದನ್ನು ಇಂದಿನ ಡೆಮಾಕ್ರಟರು ಮುಚ್ಚಿಡಬಾರದು.

ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದ ಗುಪ್ತಸಂಘಟನೆ ಕೂ ಕ್ಲುಕ್ಸ್ ಕ್ಲಾನ್ ಬಗ್ಗೆ ಒಂದು ಎಚ್ಚರಿಕೆ. 1860ರ ದಶಕದ ಕ್ಲಾನ್ ರಿಪಬ್ಲಿಕನ್ನರನ್ನೂ ಕಪ್ಪು ಜನರನ್ನೂ ಬೇಟೆಯಾಡಿತು. 1920ರ ದಶಕದ ಕ್ಲಾನ್ ದಕ್ಷಿಣದಲ್ಲಿ ಡೆಮಾಕ್ರಟರೊಳಗೆ, ಇಂಡಿಯಾನಾದಲ್ಲಿ ರಿಪಬ್ಲಿಕನ್ನರೊಳಗೆ ಬೇರು ಬಿಟ್ಟಿತ್ತು.

ಹಾಗಾದರೆ "ಪಕ್ಷಗಳು ಅದಲುಬದಲಾದವು" ಎನ್ನುವುದು?

ಅದೂ ನಿಜ, ಆದರೆ ರಾತ್ರೋರಾತ್ರಿ ಆದದ್ದಲ್ಲ. 1936ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲಕ್ಕೆ ಉತ್ತರದ ಕಪ್ಪು ಮತದಾರರು ಡೆಮಾಕ್ರಟರತ್ತ ಸರಿದರು. 1948ರಲ್ಲಿ ಅದೇ ಪಕ್ಷದ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿನ ವರ್ಣಭೇದ ತೆಗೆಯಲು ಆದೇಶಿಸಿದರು. ಆ ವರ್ಷದ ಚುನಾವಣೆಯಲ್ಲಿ ಸಿಟ್ಟಿಗೆದ್ದ ದಕ್ಷಿಣದ ಡೆಮಾಕ್ರಟರು ಸ್ಟ್ರೋಮ್ ಥರ್ಮಂಡ್ ಅವರನ್ನು ಬೇರೆಯಾಗಿ ನಿಲ್ಲಿಸಿ ನಾಲ್ಕು ರಾಜ್ಯ ಗೆದ್ದರು. 1957ರಲ್ಲಿ ಲಿಟಲ್ ರಾಕ್ ಶಾಲೆಗೆ ಕಪ್ಪು ಮಕ್ಕಳನ್ನು ಕಳಿಸಲು ಸೈನ್ಯ ಕಳಿಸಿದವರು ರಿಪಬ್ಲಿಕನ್ ಐಸೆನ್‌ಹೋವರ್. 1964ರಲ್ಲಿ ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ವಿರುದ್ಧ ಮತ ಹಾಕಿದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಗೆದ್ದದ್ದು ತಮ್ಮ ಅರಿಜೋನಾ ಮತ್ತು ದಕ್ಷಿಣದ ಐದು ರಾಜ್ಯಗಳನ್ನು ಮಾತ್ರ. ಆದರೂ 1976ರಲ್ಲಿ ಜಾರ್ಜಿಯಾದ ಡೆಮಾಕ್ರಟ್ ಜಿಮ್ಮಿ ಕಾರ್ಟರ್ ವರ್ಜೀನಿಯಾ ಬಿಟ್ಟು ಹಳೆಯ ಬಂಡಾಯದ ರಾಜ್ಯಗಳನ್ನೆಲ್ಲ ಗೆದ್ದರು. ಪ್ರತಿನಿಧಿ ಸಭೆಯಲ್ಲಿ ದಕ್ಷಿಣದ ಬಹುಮತ ರಿಪಬ್ಲಿಕನ್ನರ ಕೈಗೆ ಬಂದದ್ದು 1994ರಲ್ಲಿ. ಅರವತ್ತು ವರ್ಷದ ಬದಲಾವಣೆ ಇದು.

ಬಿಳಿಯರ ಅಸಮಾಧಾನವನ್ನು ರಿಪಬ್ಲಿಕನ್ನರು ಮತವಾಗಿ ಬಳಸಿಕೊಳ್ಳಲಿಲ್ಲ ಎನ್ನುವವರಿಗೆ ಒಂದು ಉತ್ತರವಿದೆ. 2005ರ ಜುಲೈನಲ್ಲಿ ಆ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಕೆನ್ ಮೆಲ್ಮನ್, ಕಪ್ಪು ಜನರ ಹಳೆಯ ಸಂಘಟನೆಯ ಸಭೆಯಲ್ಲಿ ನಿಂತು, ನಮ್ಮಲ್ಲಿ ಕೆಲವರು ಜನಾಂಗೀಯ ಒಡಕಿನಿಂದ ಲಾಭ ಪಡೆಯಲು ನೋಡಿದರು, ಅದು ತಪ್ಪು ಎಂದು ಒಪ್ಪಿಕೊಂಡರು.

1964ರ ಕಾಯ್ದೆಗೆ ಹೆಚ್ಚು ಬೆಂಬಲ ಕೊಟ್ಟದ್ದು ರಿಪಬ್ಲಿಕನ್ನರಂತೆ, ಹೌದೇ?

ಈ ಇಡೀ ಜಗಳದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಪ್ರತಿನಿಧಿ ಸಭೆಯ ಮೊದಲ ಮತದಾನ ನೋಡಿ. ಡೆಮಾಕ್ರಟರಲ್ಲಿ ಪರ 152, ವಿರುದ್ಧ 96. ರಿಪಬ್ಲಿಕನ್ನರಲ್ಲಿ ಪರ 138, ವಿರುದ್ಧ 34. ಶೇಕಡಾ ಲೆಕ್ಕದಲ್ಲಿ 61 ಮತ್ತು 80. ರಿಪಬ್ಲಿಕನ್ನರು ಮುಂದೆ, ಸಂಶಯವಿಲ್ಲ.

ಈಗ ಅದೇ ಮತಗಳನ್ನು ಪ್ರದೇಶವಾರು ಬಿಡಿಸಿ. ಹಳೆಯ ಬಂಡಾಯದ 11 ರಾಜ್ಯಗಳು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಉಳಿದ ರಾಜ್ಯಗಳ ಡೆಮಾಕ್ರಟರಲ್ಲಿ ಪರ 145, ವಿರುದ್ಧ 9. ರಿಪಬ್ಲಿಕನ್ನರಲ್ಲಿ ಪರ 138, ವಿರುದ್ಧ 24. ಇಲ್ಲಿ ಡೆಮಾಕ್ರಟರು ಮುಂದೆ. ದಕ್ಷಿಣದ ಡೆಮಾಕ್ರಟರಲ್ಲಿ ಪರ 7, ವಿರುದ್ಧ 87; ದಕ್ಷಿಣದ ರಿಪಬ್ಲಿಕನ್ನರು ಹತ್ತೇ ಜನ, ಹತ್ತೂ ವಿರುದ್ಧ. ಇಲ್ಲೂ ಡೆಮಾಕ್ರಟರು ಕೂದಲೆಳೆಯಷ್ಟು ಮುಂದೆ. ಎರಡು ತುಂಡಿನಲ್ಲೂ ಹಿಂದಿದ್ದ ಪಕ್ಷ ಕೂಡಿಸಿದಾಗ ಮುಂದೆ ಬರುತ್ತದೆ, ಏಕೆಂದರೆ ದಕ್ಷಿಣದವರೆಲ್ಲ ಒಂದೇ ಪಕ್ಷದಲ್ಲಿ ತುಂಬಿಕೊಂಡಿದ್ದರು.

ಆದ್ದರಿಂದ ಇಬ್ಬರ ಅಂಕಿಗಳೂ ಸರಿ. ಮತವನ್ನು ನಿರ್ಧರಿಸಿದ್ದು ಪಕ್ಷಕ್ಕಿಂತ ಹೆಚ್ಚಾಗಿ ಸೀಮೆ. 1861ರಲ್ಲಿ ಎಳೆದ ಗೆರೆ 1964ರಲ್ಲೂ ಅಳಿಸಿರಲಿಲ್ಲ. ಇದರ ಜೊತೆಗೆ ಸೆನೆಟ್‌ನಲ್ಲಿ ರಿಪಬ್ಲಿಕನ್ ನಾಯಕ ಎವೆರೆಟ್ ಡರ್ಕ್ಸನ್ ತಮ್ಮವರನ್ನು ಒಗ್ಗೂಡಿಸದಿದ್ದರೆ, ದಕ್ಷಿಣದವರ ಎಡೆಬಿಡದ ಭಾಷಣಗಳ ತಡೆ ಮುರಿಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ನಾಯಕರು ಪಕ್ಷ ಬದಲಿಸಲಿಲ್ಲವಲ್ಲ? ರಾಬರ್ಟ್ ಬರ್ಡ್ ಕೊನೆಯವರೆಗೂ ಡೆಮಾಕ್ರಟ್ ಆಗಿದ್ದರು.

ಹೌದು. ಬರ್ಡ್ ಯೌವನದಲ್ಲಿ ಕ್ಲಾನ್ ಸದಸ್ಯ, 1964ರ ಕಾಯ್ದೆಯ ವಿರುದ್ಧ ಹದಿನಾಲ್ಕು ಗಂಟೆ ಮಾತಾಡಿದವರು, 2010ರಲ್ಲಿ ತೀರಿಕೊಳ್ಳುವವರೆಗೂ ಡೆಮಾಕ್ರಟ್ ಸೆನೆಟರ್. ಬಹಿರಂಗವಾಗಿ ಪಶ್ಚಾತ್ತಾಪಪಟ್ಟವರೂ ಹೌದು. ಥರ್ಮಂಡ್ 1964ರಲ್ಲೇ ರಿಪಬ್ಲಿಕನ್ನರನ್ನು ಸೇರಿದರು. ಹಾಗೆ ಹಾರಿದ ದೊಡ್ಡ ನಾಯಕರು ಕಡಿಮೆ. ಬದಲಾದವರು ಮತದಾರರು ಮತ್ತು ಅವರ ಮಕ್ಕಳು. ಇವರ ಬಾಯಲ್ಲಿ ಬರ್ಡ್, ಅವರ ಬಾಯಲ್ಲಿ ಥರ್ಮಂಡ್, ಎರಡು ಹೆಸರಿನ ಆಚೆಗೆ ವಾದ ಹೋಗುವುದೇ ಇಲ್ಲ.

ಯಾವ ಅಧ್ಯಕ್ಷರ ಬೆಲೆ ಏರಿದೆ, ಯಾರದು ಇಳಿದಿದೆ?

ಸಿ-ಸ್ಪ್ಯಾನ್ ವಾಹಿನಿ ಇತಿಹಾಸಕಾರರಿಂದ ಮಾಡಿಸುವ ಶ್ರೇಯಾಂಕದಲ್ಲಿ ಲಿಂಕನ್ ಯಾವಾಗಲೂ ಮೊದಲು. ದಕ್ಷಿಣದ ರಾಜ್ಯಗಳು ಬಿಟ್ಟುಹೋಗುವುದನ್ನು ಕೈಚೆಲ್ಲಿ ನೋಡುತ್ತಾ ಕುಳಿತ, ಲಿಂಕನ್‌ಗಿಂತ ಹಿಂದಿನ ಅಧ್ಯಕ್ಷ ಜೇಮ್ಸ್ ಬ್ಯುಕ್ಯಾನನ್ ಕೊನೆ. ಒಕ್ಕೂಟದ ಸೇನಾನಿಯಾಗಿದ್ದು ಮುಂದೆ ಅಧ್ಯಕ್ಷರಾದ ಯುಲಿಸಿಸ್ ಗ್ರ್ಯಾಂಟ್ 2000ದಲ್ಲಿ 33ನೇ ಸ್ಥಾನದಲ್ಲಿದ್ದವರು 2021ರಲ್ಲಿ 20ಕ್ಕೆ ಏರಿದರು. ಹಿಂದೆ ಅವರನ್ನು ಕುಡುಕ, ಭ್ರಷ್ಟರ ನಾಯಕ ಎಂದಷ್ಟೇ ಕಲಿಸುತ್ತಿದ್ದರು. 1871ರಲ್ಲಿ ಸೌತ್ ಕ್ಯಾರೊಲಿನಾದ ಒಂಬತ್ತು ಜಿಲ್ಲೆಗಳಲ್ಲಿ ಕ್ಲಾನ್‌ನ ಬೆನ್ನು ಮುರಿದದ್ದು ಈಗ ಎಣಿಕೆಗೆ ಬಂದಿದೆ. ವುಡ್ರೋ ವಿಲ್ಸನ್ 6ರಿಂದ 13ಕ್ಕೆ ಇಳಿದರು, ಅವರ ಆಡಳಿತದಲ್ಲಿ ಸರ್ಕಾರಿ ಕಚೇರಿಗಳಲ್ಲೇ ವರ್ಣಭೇದ ಬಿಗಿಯಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2020ರಲ್ಲಿ ತನ್ನ ಸಾರ್ವಜನಿಕ ನೀತಿಯ ವಿಭಾಗದಿಂದ ಅವರ ಹೆಸರು ತೆಗೆಯಿತು.

ಆಂಡ್ರ್ಯೂ ಜ್ಯಾಕ್ಸನ್ ಕಥೆ ಇನ್ನೂ ವಿಚಿತ್ರ. ಡೆಮಾಕ್ರಟರ ಮೂಲಪುರುಷನನ್ನು ಡೆಮಾಕ್ರಟರು ದೂರ ಸರಿಸಿದರು, ಟ್ರಂಪ್ ತಮ್ಮ ಕಚೇರಿಯಲ್ಲಿ ಅವರ ಚಿತ್ರ ತೂಗುಹಾಕಿದರು. ಲಿಂಕನ್ ವಿಷಯದಲ್ಲೂ ಹಾಗೇ: 2009ರಲ್ಲಿ ಬರಾಕ್ ಒಬಾಮಾ ಲಿಂಕನ್ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು, 2017ರಲ್ಲಿ ಟ್ರಂಪ್ ಅದೇ ಬೈಬಲ್ ಬಳಸಿದರು.

ಪ್ರತಿಮೆ ಕೆಡವಿದರೆ ಇತಿಹಾಸ ಅಳಿಸಿದಂತೆ ಅಲ್ಲವೇ?

ರಿಚ್ಮಂಡ್‌ನ ಲೀ ಪ್ರತಿಮೆ ನಿಂತದ್ದು 1890ರಲ್ಲಿ, ಯುದ್ಧ ಮುಗಿದು 25 ವರ್ಷದ ಮೇಲೆ. ಇಂಥ ಸ್ಮಾರಕಗಳಲ್ಲಿ ಬಹಳಷ್ಟು ಎದ್ದದ್ದು 1890ರಿಂದ 1920ರ ದಶಕದವರೆಗೆ, ಕಪ್ಪು ಜನರ ಮತ ಕಿತ್ತುಕೊಂಡ ಅದೇ ವರ್ಷಗಳಲ್ಲಿ. ಯಾವಾಗ, ಯಾರ ಕಣ್ಣೆದುರಿಗೆ ನಿಲ್ಲಿಸಿದರು ಎಂಬುದೂ ಇತಿಹಾಸವೇ. ನಾನು ಮೊದಲು ಆ ಬೀದಿಯಲ್ಲಿ ನೆಂಟರಿಗೆ ಫೋಟೋ ತೆಗೆದುಕೊಡುತ್ತಿದ್ದೆ. ಒಮ್ಮೆ ಕಪ್ಪು ಗೆಳೆಯನೊಬ್ಬ "ನನ್ನ ಅಜ್ಜಿ ಈ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು" ಎಂದ. ಆಮೇಲೆ ಫೋಟೋ ತೆಗೆಯಲು ಕೈ ಬರಲಿಲ್ಲ. 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದರು.

ಸೇನಾನೆಲೆಗಳ ಹೆಸರಿನಲ್ಲೂ ಹಗ್ಗಜಗ್ಗಾಟ ನಡೆದಿದೆ. ದಕ್ಷಿಣದ ಜನರಲ್ ಬ್ರಾಗ್ ಹೆಸರಿನ ಕೋಟೆ 2023ರಲ್ಲಿ ಫೋರ್ಟ್ ಲಿಬರ್ಟಿ ಆಯಿತು. 2025ರಲ್ಲಿ ಮತ್ತೆ ಫೋರ್ಟ್ ಬ್ರಾಗ್ ಆಯಿತು, ಆದರೆ ಎರಡನೇ ಮಹಾಯುದ್ಧದ ಬೇರೊಬ್ಬ ಬ್ರಾಗ್ ಹೆಸರಲ್ಲಿ.

ಇದರಲ್ಲಿ ನಮ್ಮಂಥವರಿಗೆ ಏನು ಸಂಬಂಧ?

ನಮ್ಮ ಮಕ್ಕಳ ಪಾಸ್‌ಪೋರ್ಟ್. 1868ರ 14ನೇ ತಿದ್ದುಪಡಿ ಬಿಡುಗಡೆಯಾದ ಗುಲಾಮರಿಗೆ ಪೌರತ್ವ ಕೊಡಲು ಬಂದದ್ದು. ಈ ನೆಲದಲ್ಲಿ ಹುಟ್ಟಿದವರು ಪೌರರು ಎಂಬ ಅದರ ಮಾತು ವಲಸೆಗಾರರ ಮಕ್ಕಳಿಗೂ ಅನ್ವಯಿಸುತ್ತದೆಂದು 1898ರಲ್ಲಿ, ಚೀನೀ ದಂಪತಿಯ ಮಗನೊಬ್ಬನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ಹೊರಗಿನಿಂದ ಬಂದವರಿಗೆ ಆ ದಾರಿ ಇರಲಿಲ್ಲ: ಬಿಳಿಯರಿಗೆ, ಯುದ್ಧಾನಂತರ ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಎಂಬ ಕಾನೂನಿನಡಿ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಯೋಧನಿಗೆ ಅದೇ ಕೋರ್ಟ್ ಬಾಗಿಲು ಮುಚ್ಚಿತು. ಭಾರತೀಯರಿಗೆ ಅದು ತೆರೆದದ್ದು 1946ರಲ್ಲಿ. ನಮ್ಮಲ್ಲಿ ಬಹುತೇಕರು ಬಂದದ್ದು 1965ರ ವಲಸೆ ಕಾಯ್ದೆಯಿಂದ. ನಾಗರಿಕ ಹಕ್ಕುಗಳ ಚಳವಳಿ ಇಲ್ಲದಿದ್ದರೆ ಅದು ಪಾಸಾಗುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. 2025ರ ಜನವರಿಯಲ್ಲಿ ತಾತ್ಕಾಲಿಕ ವೀಸಾದವರ ಮಕ್ಕಳ ಹುಟ್ಟು ಪೌರತ್ವ ನಿಲ್ಲಿಸುವ ಆದೇಶ ಹೊರಟಾಗ, ವಕೀಲರು ಬಿಚ್ಚಿದ್ದು 1866ರ ಸೆನೆಟ್ ಚರ್ಚೆಯ ಕಡತಗಳನ್ನೇ.

ಕೂಟದಲ್ಲಿ ಈ ವಾದ ಎದ್ದರೆ ಏನು ಮಾಡಲಿ?

ಎರಡು ಪ್ರಶ್ನೆ ಕೇಳಿ: ಯಾವ ವರ್ಷದ ಮಾತು? ಯಾವ ರಾಜ್ಯದವರ ಮಾತು? ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ಅಪ್ಪ ನೆಟ್ಟ ಆಲದ ಮರ ಎಂದು ಪಕ್ಷಕ್ಕೆ ಜೋತುಬಿದ್ದವರ ಜೊತೆ ಉಳಿದರ್ಧ ಮುಂದುವರಿಯುತ್ತದೆ, ಅವರಿಗೆ ಇನ್ನೊಂದು ಹೋಳಿಗೆ ಬಡಿಸಿ.

ಆ ಯುದ್ಧ ನಡೆಯುವಾಗ ನಮ್ಮವರು ಎಲ್ಲಿದ್ದರು?

ಇದು ಮಗಳು ಕೇಳಿದ ಪ್ರಶ್ನೆ. ನಮ್ಮ ಪೂರ್ವಿಕರು ಧಾರವಾಡ ಸೀಮೆಯವರು. ಆ ಕಪ್ಪು ಎರೆಭೂಮಿಯಲ್ಲಿ 1840ರ ದಶಕದಿಂದ ಕಂಪನಿ ಸರ್ಕಾರ ನ್ಯೂ ಓರ್ಲಿಯನ್ಸ್‌ನ ಹತ್ತಿಬೀಜ ಬಿತ್ತಿಸಿತ್ತು, ಅದಕ್ಕೆ ಧಾರವಾಡ ಅಮೆರಿಕನ್ ಎಂದೇ ಹೆಸರು. ಲಿಂಕನ್‌ರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಲ್ಯಾಂಕಾಶೈರ್‌ನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು, ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಹತ್ತಿ ಕಾರವಾರದ ಬಂದರಿನಿಂದ ಸಾಗಲೆಂಬ ಒತ್ತಾಯದ ನಡುವೆಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಲೀ ಶರಣಾದ ಸುದ್ದಿ ಬಂದದ್ದೇ ಮುಂಬಯಿಯ ಪೇಟೆ ಕುಸಿಯಿತು, ಸಾಲ ಮಾಡಿ ಹತ್ತಿ ಬಿತ್ತಿದ ರೈತರ ಕೈಯಲ್ಲಿ ಸಾಲ ಉಳಿಯಿತು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಲ್ಲಿ ಗುಲಾಮರು ಬಿಡುಗಡೆಯಾದ ದಿನ ನಮ್ಮಜ್ಜ ಅತ್ತಿರಬಹುದಾ ಅಪ್ಪ?" ಎಂದಳು. ಇರಬಹುದು ಪುಟ್ಟಾ, ಏಕೆಂದು ಅವರಿಗೆ ಗೊತ್ತಿರಲಿಲ್ಲ ಎಂದೆ.